ದುಡಿಮೆಯಲ್ಲಿ ಪೆಟ್ಟಾದರೆ: ಪರಿಹಾರ, ಇಎಸ್‌ಐ, ಅಪಘಾತ ವಿಮೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ತಾರಿಹಾಳ, ಗೋಕುಲ ರಸ್ತೆ ಮತ್ತು ಧಾರವಾಡ ಬಳಿಯ ಬೇಲೂರಿನ ಕಾರ್ಖಾನೆಗಳು, ಗದಗ-ಬೆಟಗೇರಿಯ ಮಗ್ಗ ಹಾಗೂ ಮುದ್ರಣಾಲಯಗಳು, ಹತ್ತಿಯ ಜಿನ್ನಿಂಗ್ ಗಿರಣಿಗಳು, ಬ್ಯಾಡಗಿಯ ಕೋಲ್ಡ್ ಸ್ಟೋರೇಜುಗಳು, ಹೊಲದ ರಾಶಿ ಕಣಗಳು. ಇಲ್ಲೆಲ್ಲ ದುಡಿಯುವವರೂ ಅವರ ಮನೆಯವರೂ ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಒಂದೆಡೆ ಸೇರಿಸಿದ್ದೇವೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ.

ಒಂದು ವಿಷಯ ಮೊದಲೇ ಹೇಳಬೇಕು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದಿದೆ. ನೌಕರರ ಪರಿಹಾರ ಕಾಯ್ದೆ, ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾಯ್ದೆ, ಪಿಎಫ್ (ಭವಿಷ್ಯ ನಿಧಿ) ಕಾಯ್ದೆ, ಗ್ರ್ಯಾಚುಟಿ ಕಾಯ್ದೆ ಎಲ್ಲವೂ ಅದರೊಳಗೆ ಸೇರಿವೆ. ಪರಿಹಾರದ ಸೂತ್ರ, ವಯಸ್ಸಿನ ಗುಣಕಗಳು, ಯಾವ ಅಂಗಕ್ಕೆ ಎಷ್ಟು ಶೇಕಡಾ ಎಂಬ ಪಟ್ಟಿ ಸಂಹಿತೆಯ ಅನುಸೂಚಿಗಳಲ್ಲಿ ಮುಂದುವರಿದಿವೆ. ಆ ದಿನಕ್ಕಿಂತ ಮೊದಲು ಆದ ಅಪಘಾತಕ್ಕೆ ಹಳೆಯ ಕಾಯ್ದೆಯೇ ಅನ್ವಯ. ಜನರ ಬಾಯಲ್ಲಿ ಇನ್ನೂ ಹಳೆಯ ಹೆಸರುಗಳೇ ಇರುವುದರಿಂದ ಇಲ್ಲಿಯೂ ಅವನ್ನೇ, ಆ ಕಾಯ್ದೆಗಳ ಕಲಮು ಸಂಖ್ಯೆಗಳನ್ನೇ ಬಳಸಿದ್ದೇವೆ.

## ಮೊದಲ ದಿನಗಳಲ್ಲಿ

ಕೆಲಸದಾಗ ಕೈಗೆ ಪೆಟ್ಟಾಗೇತಿ. ಇಎಸ್‌ಐಗೆ ಹೋಗಬೇಕೋ, ಕೋರ್ಟಿಗೋ, ಇನ್ಶೂರೆನ್ಸ್ ಕಂಪನಿಗೋ?

ಪಗಾರದ ಚೀಟಿ ತೆಗೆದು ನೋಡಿ. ಅದರಲ್ಲಿ ಇಎಸ್‌ಐ ಕಡಿತ ಇದ್ದರೆ ನಿಮ್ಮ ದಾರಿ ಇಎಸ್‌ಐ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ತಿಂಗಳ ಪಗಾರ 21,000 ರೂಪಾಯಿವರೆಗೆ ಇರುವವರಿಗೆ ಅದು ಕಡ್ಡಾಯ. ಅಂಗವಿಕಲ ನೌಕರರಿಗೆ ಈ ಮಿತಿ 25,000. ನೌಕರನ ಪಾಲು ಪಗಾರದ 0.75%, ಮಾಲಕರ ಪಾಲು 3.25%.

ಪಗಾರ ಆ ಮಿತಿ ದಾಟಿದ್ದರೆ ಅಥವಾ ಕೆಲಸದ ಜಾಗವೇ ಇಎಸ್‌ಐ ವ್ಯಾಪ್ತಿಗೆ ಬರದಿದ್ದರೆ ನೌಕರರ ಪರಿಹಾರ ಕಾಯ್ದೆಯಡಿ ಮಾಲಕರಿಂದ ಪರಿಹಾರ ಕೇಳಬೇಕು. ಕಂಪನಿ ಗುಂಪು ಅಪಘಾತ ವಿಮೆ ಮಾಡಿಸಿದ್ದರೆ ಅದು ಬೇರೆಯೇ ಕರಾರು, ಇಎಸ್‌ಐ ಇದ್ದರೂ ಅದನ್ನು ಕೇಳಬಹುದು. ಪಿಎಫ್ ಪಿಂಚಣಿ ಮತ್ತು ಗ್ರ್ಯಾಚುಟಿ ಇವೆರಡೂ ಪ್ರತ್ಯೇಕ.

ಆಸ್ಪತ್ರೆಯೊಳಗ ‘ಮನಿಯಾಗ ಬಿದ್ದಾನ’ ಅಂತ ಬರಸ್ಯಾರ. ಅದರಿಂದ ಏನರ ತೊಂದ್ರಿ ಐತೇನ್ರಿ?

ದೊಡ್ಡ ತೊಂದರೆ ಇದೆ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಗಾಯಾಳುವನ್ನು ಆಸ್ಪತ್ರೆಗೆ ತಂದ ತಕ್ಷಣ ಕರ್ತವ್ಯದಲ್ಲಿರುವ ವೈದ್ಯರು ಕೇಸ್ ಶೀಟಿನ ಮೇಲ್ಭಾಗದಲ್ಲಿ ಪೆಟ್ಟು ಹೇಗಾಯಿತು, ಎಲ್ಲಿ, ಎಷ್ಟು ಹೊತ್ತಿಗೆ, ಜೊತೆಗೆ ಬಂದವರು ಯಾರು ಎಂದು ಒಂದೆರಡು ಸಾಲು ಬರೆಯುತ್ತಾರೆ. ಗಾಯಾಳು ನೋವಿನಲ್ಲಿರುತ್ತಾನೆ, ಮಾತಾಡುವವರು ಸೂಪರ್‌ವೈಸರ್. ‘ಪೊಲೀಸ್ ಕೇಸ್ ಆದರೆ ನಿನಗೇ ತ್ರಾಸು, ಖರ್ಚು ನಾವು ನೋಡಿಕೊಳ್ಳುತ್ತೇವೆ’ ಎಂದು ಹೇಳಿ ‘ಮನೆಯಲ್ಲಿ ಜಾರಿ ಬಿದ್ದದ್ದು’ ಎಂದು ಬರೆಸುತ್ತಾರೆ. ಹಾಗೆ ಬರೆಸಿದರೆ ವೈದ್ಯಕೀಯ-ಕಾನೂನು ಪ್ರಕರಣ, ಅಂದರೆ ಎಂಎಲ್‌ಸಿ, ದಾಖಲಾಗುವುದಿಲ್ಲ, ಪೊಲೀಸ್ ಠಾಣೆಗೆ ಸೂಚನೆ ಹೋಗುವುದಿಲ್ಲ. ಎರಡು ವರ್ಷದ ನಂತರ ವಿಮಾ ಕಂಪನಿಯ ವಕೀಲರು ಎತ್ತಿ ಹಿಡಿಯುವುದು ಈ ಒಂದು ಸಾಲನ್ನೇ. ಪವರ್ ಪ್ರೆಸ್ಸಿಗೆ ಸಿಕ್ಕು ನಜ್ಜುಗುಜ್ಜಾದ ಬೆರಳಿಗೂ ಮನೆಯಲ್ಲಿ ಬಿದ್ದು ಮುರಿದ ಬೆರಳಿಗೂ ಎಕ್ಸ್‌ರೇ ಬೇರೆ ಇರುತ್ತದೆ, ನಿಜ. ಆದರೆ ಅದನ್ನು ಸಾಕ್ಷಿಯ ಕಟಕಟೆಯಲ್ಲಿ ವೈದ್ಯರಿಂದ ಹೇಳಿಸುವ ಭಾರ ನಿಮ್ಮ ಮೇಲೆ ಬೀಳುತ್ತದೆ.

ತಪ್ಪು ಬರೆಸಿ ಆಗಿದ್ದರೆ ಕೇಸ್ ಶೀಟ್ ತಿದ್ದಿಸಲು ಹೋಗಬೇಡಿ. ತಿದ್ದಿದ ದಾಖಲೆ ಇನ್ನೂ ದುರ್ಬಲ. ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ನಿಜ ಹೇಳಿ, ‘ಕಾರ್ಖಾನೆಯ ಯಂತ್ರದಿಂದ ಆದ ಗಾಯ ಎಂದು ರೋಗಿ ಈಗ ತಿಳಿಸಿದ್ದಾನೆ’ ಎಂದು ಅಂದಿನ ತಾರೀಖು ಹಾಕಿ ಹೊಸ ಟಿಪ್ಪಣಿ ಬರೆಯಲು ಕೇಳಿ. ಅದೇ ವಾರದಲ್ಲಿ ಸ್ಥಳೀಯ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮಾಲಕರಿಗೆ ಒಂದು ಪತ್ರ ಸ್ಪೀಡ್ ಪೋಸ್ಟಿನಲ್ಲಿ ಹೋಗಲಿ. ಅದರಲ್ಲಿ ದಿನಾಂಕ, ಹೊತ್ತು, ಯಾವ ಯಂತ್ರ, ಯಾವ ಪಾಳಿ, ಪಕ್ಕದಲ್ಲಿದ್ದ ಇಬ್ಬರ ಹೆಸರು, ಆಸ್ಪತ್ರೆಗೆ ಕರೆದೊಯ್ದವರ ಹೆಸರು ಇರಬೇಕು. ಅಂಚೆ ರಸೀದಿಯನ್ನು ಪತ್ರದ ಪ್ರತಿಗೆ ಅಂಟಿಸಿಡಿ. ಪೆಟ್ಟಾದ ಹೊಸತರಲ್ಲಿ ನಿಜ ಹೇಳುವ ಜೊತೆಗಾರರು ಆರು ತಿಂಗಳಾದ ಮೇಲೆ ಕೆಲಸದ ಭಯಕ್ಕೆ ಹಿಂದೆ ಸರಿಯುತ್ತಾರೆ. ಅವರ ಹೆಸರು ಮೊದಲ ಪತ್ರದಲ್ಲೇ ಇರುವುದು ಅದಕ್ಕಾಗಿ ಮುಖ್ಯ.

ಯಾವ್ಯಾವ ಕಾಗದ ಜೋಡಿಸಿಟ್ಕೋಬೇಕು?

ಕೇಸ್ ಶೀಟಿನ ಪೂರ್ತಿ ಪ್ರತಿ ಬೇಕು, ಡಿಸ್ಚಾರ್ಜ್ ಸಾರಾಂಶ ಒಂದೇ ಸಾಲದು. ರೋಗಿ ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕೆಂದು ವೈದ್ಯರ ವೃತ್ತಿ ನಿಯಮಗಳೇ ಹೇಳುತ್ತವೆ. ಎಕ್ಸ್‌ರೇ ಫಿಲ್ಮ್, ಬಿಲ್ಲು, ಔಷಧಿ ಚೀಟಿ ಎಲ್ಲ ಇರಲಿ. ಗಾಯದ ಪ್ರಮಾಣ ಪತ್ರ ಠಾಣೆಯ ಮೂಲಕ ಸಿಗುತ್ತದೆ.

ಪಗಾರಕ್ಕೆ ಸಾಕ್ಷಿಯಾಗಿ ಪಗಾರ ಚೀಟಿ ಅಥವಾ ಬ್ಯಾಂಕ್ ಪಾಸ್‌ಬುಕ್. ನಗದಾಗಿ ಕೊಡುತ್ತಿದ್ದರೆ ಹಾಜರಿ ಪುಸ್ತಕದ ಫೋಟೋ, ಪಗಾರದ ಬಗ್ಗೆ ಬಂದ ವಾಟ್ಸಾಪ್ ಸಂದೇಶ, ಗೇಟ್ ಪಾಸ್ ಕೂಡ ನಡೆಯುತ್ತದೆ. ವಯಸ್ಸಿನ ದಾಖಲೆ ಮರೆಯಬೇಡಿ, ಪರಿಹಾರದ ಲೆಕ್ಕ ವಯಸ್ಸಿನ ಮೇಲೆ ನಿಂತಿದೆ. ಕಾರ್ಖಾನೆಗಳ ಇಲಾಖೆಗೆ ಮಾಲಕರು ಅಪಘಾತದ ಸೂಚನೆ ಕಳಿಸಿದ್ದರೆ ಅದರ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ‘ನಮ್ಮಲ್ಲಿ ಅಪಘಾತವೇ ಆಗಿಲ್ಲ’ ಎಂಬ ವಾದಕ್ಕೆ ಅದಕ್ಕಿಂತ ಗಟ್ಟಿ ಉತ್ತರ ಇಲ್ಲ.

ಡಾಕ್ಟರು 40% ಅಂದಾರ, ಇಎಸ್‌ಐನವರು 15% ಅಂದಾರ. ಯಾವುದು ಖರೇ?

ಎರಡೂ ಖರೆ ಇರಬಹುದು, ಏಕೆಂದರೆ ಅವು ಒಂದೇ ವಸ್ತುವಿನ ಅಳತೆಯಲ್ಲ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಹುಬ್ಬಳ್ಳಿಯ ಕಿಮ್ಸ್, ಗದಗಿನ ಜಿಮ್ಸ್ ಅಥವಾ ಜಿಲ್ಲಾ ಆಸ್ಪತ್ರೆಯ ಮಂಡಳಿ ಕೊಡುವ ಶೇಕಡಾ ದೇಹದ ಅಂಗವೈಕಲ್ಯದ್ದು. ಸರ್ಕಾರಿ ಮೀಸಲಾತಿ, ಮಾಸಾಶನ, ಪಾಸಿಗೆ ಅದು ಬೇಕು, ಮೀಸಲಾತಿಯಂಥ ಸೌಲಭ್ಯಕ್ಕೆ 40% ಗೆರೆ. ಇಎಸ್‌ಐ ಮತ್ತು ಪರಿಹಾರ ಕಾಯ್ದೆ ನೋಡುವುದು ಗಳಿಕೆ ಸಾಮರ್ಥ್ಯ ಎಷ್ಟು ನಷ್ಟವಾಯಿತು ಎಂಬುದನ್ನು. ಖಾಸಗಿ ವಿಮೆ ನೋಡುವುದು ತನ್ನ ಪಾಲಿಸಿಯ ಪಟ್ಟಿಯನ್ನು.

ತೋರು ಬೆರಳು ಪೂರ್ತಿ ಹೋದರೆ ಕಾಯ್ದೆಯ ಪಟ್ಟಿಯಲ್ಲಿ 14%, ಹೆಬ್ಬೆರಳಿಗೆ 30%, ಮಧ್ಯದ ಬೆರಳಿಗೆ 12%, ಉಂಗುರ ಅಥವಾ ಕಿರುಬೆರಳಿಗೆ 7%. ಒಂದು ಕೈಯ ನಾಲ್ಕೂ ಬೆರಳು ಹೋದರೆ 50%. ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣಿನ ದೃಷ್ಟಿ ಹೋದರೆ 30%, ಕಣ್ಣುಗುಡ್ಡೆಯೇ ಹೋದರೆ 40%. ಪಟ್ಟಿಯಲ್ಲಿ ಇರುವ ಗಾಯಕ್ಕೆ ಇದಕ್ಕಿಂತ ಕಡಿಮೆ ಒಪ್ಪಿಕೊಳ್ಳಬೇಕಿಲ್ಲ. ಪಟ್ಟಿಯಲ್ಲಿ ಇಲ್ಲದ ಗಾಯಕ್ಕೆ, ಉದಾಹರಣೆಗೆ ಬೆನ್ನುಮೂಳೆ ಅಥವಾ ಮೊಣಕಾಲು ಬಿಗಿತಕ್ಕೆ, ಅರ್ಹ ವೈದ್ಯರು ಗಳಿಕೆ ನಷ್ಟವನ್ನೇ ಅಂದಾಜು ಮಾಡಿ ಹೇಳಬೇಕು. ‘ಇವರಿಗೆ 25% ಅಂಗವೈಕಲ್ಯ’ ಎಂಬ ಚೀಟಿ ಮಾತ್ರ ತಂದವರ ಪ್ರಕರಣ ಅಲ್ಲೇ ಕುಂಟುತ್ತದೆ. ಈತ ಯಾವ ಕೆಲಸ ಮಾಡುತ್ತಿದ್ದ, ಈಗ ಅದರಲ್ಲಿ ಯಾವುದು ಆಗುವುದಿಲ್ಲ ಎಂದು ವೈದ್ಯರಿಗೆ ಮೊದಲೇ ಬರೆದುಕೊಡಿ.

## ಇಎಸ್‌ಐ ಇದ್ದವರಿಗೆ

ಕೆಲಸಕ್ಕ ಸೇರಿ ನಾಕ ದಿನ ಆಗಿತ್ತು ಅಷ್ಟ. ಇಎಸ್‌ಐ ಸಿಗತೈತೇನು?

ಕೆಲಸದಲ್ಲಿ ಆದ ಗಾಯಕ್ಕೆ ಮೊದಲ ದಿನದಿಂದಲೇ ಸಿಗುತ್ತದೆ. ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತು ಇಲ್ಲ. ಆ ಷರತ್ತು ಇರುವುದು ಸಾಮಾನ್ಯ ಕಾಯಿಲೆಯ ಭತ್ಯೆಗೆ. ಅದಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನ ತುಂಬಿರಬೇಕು.

ಆಪರೇಶನ್ ಆಗಿ ಮೂರು ತಿಂಗಳು ಮನೆಯಲ್ಲಿದ್ದೇನೆ. ಎಷ್ಟು ಸಿಗುತ್ತದೆ, ಯಾರಿಗೆ ಅರ್ಜಿ ಕೊಡಬೇಕು?

ತಾತ್ಕಾಲಿಕ ಅಸಾಮರ್ಥ್ಯ ಭತ್ಯೆ ಸರಾಸರಿ ದಿನಗೂಲಿಯ 90%. ದಿನಗೂಲಿ 600 ರೂಪಾಯಿ ಇದ್ದರೆ ದಿನಕ್ಕೆ 540. ಅಸಾಮರ್ಥ್ಯ ಇರುವಷ್ಟು ದಿನವೂ ಬರುತ್ತದೆ. ಅಪಘಾತದ ದಿನ ಬಿಟ್ಟು ಕನಿಷ್ಠ ಮೂರು ದಿನ ಕೆಲಸಕ್ಕೆ ಹೋಗಲಾಗದಿರಬೇಕು.

ಮಾಲಕರು ಅಪಘಾತ ಪುಸ್ತಕದಲ್ಲಿ ನಮೂದಿಸಿ 24 ಗಂಟೆಯೊಳಗೆ ಫಾರ್ಮ್ 12ರ ಅಪಘಾತ ವರದಿಯನ್ನು ಆನ್‌ಲೈನಿನಲ್ಲಿ ಕಳಿಸಬೇಕು. ಕಳಿಸಿದ ಪ್ರತಿ ಕೇಳಿ ಪಡೆಯಿರಿ. ಇಎಸ್‌ಐ ವೈದ್ಯರಿಂದ ರಜೆಯ ಪ್ರಮಾಣ ಪತ್ರ ಬಿಟ್ಟೂಬಿಡದೆ ತೆಗೆದುಕೊಳ್ಳುತ್ತಿರಬೇಕು. ಕೊನೆಗೆ ‘ಕೆಲಸಕ್ಕೆ ಯೋಗ್ಯ’ ಎಂಬ ಪತ್ರವೂ ಬೇಕು. ಹಣ ನಿಲ್ಲುವುದು ಹೆಚ್ಚಾಗಿ ಮೂರು ಕಾರಣಕ್ಕೆ: ಅಪಘಾತ ವರದಿ ಹೋಗಿಲ್ಲ, ಪ್ರಮಾಣ ಪತ್ರಗಳ ನಡುವೆ ದಿನಗಳು ತಪ್ಪಿವೆ, ಅಥವಾ ಬ್ಯಾಂಕ್ ಖಾತೆಯ ಹೆಸರು ಮತ್ತು ಇಎಸ್‌ಐನ ಇ-ಪಹಚಾನ್ ಗುರುತಿನ ಕಾರ್ಡಿನ ಹೆಸರು ಹೊಂದುತ್ತಿಲ್ಲ. ತುರ್ತಿನಲ್ಲಿ ಖಾಸಗಿ ಆಸ್ಪತ್ರೆಗೆ ಸೇರಿದ್ದರೆ ಬೇಗನೆ ಇಎಸ್‌ಐ ಔಷಧಾಲಯಕ್ಕೆ ಅಥವಾ ಹುಬ್ಬಳ್ಳಿಯ ಇಎಸ್‌ಐ ಆಸ್ಪತ್ರೆಗೆ ದಾಖಲೆ ತೋರಿಸಿ ಮುಂದಿನ ಪ್ರಮಾಣ ಪತ್ರ ಅಲ್ಲಿಂದ ಪಡೆಯಿರಿ.

ಬೆರಳು ಹೋಗೇತಿ. ಇಎಸ್‌ಐ ಒಂದ ಸಲ ಕೊಟ್ಟು ಮುಗಸ್ತಾರೋ, ಜೀವನಪೂರ್ತಿ ಕೊಡ್ತಾರೋ?

ಶಾಶ್ವತ ಅಸಾಮರ್ಥ್ಯ ಭತ್ಯೆ ಜೀವನಪೂರ್ತಿ ಬರುತ್ತದೆ. ತಾತ್ಕಾಲಿಕ ಭತ್ಯೆ ಮುಗಿದ ಮೇಲೆ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಬೇಕು, ಅದು ಗಳಿಕೆ ನಷ್ಟವನ್ನು ನಿಗದಿ ಮಾಡುತ್ತದೆ. ದಿನಗೂಲಿ 600, ನಷ್ಟ 20% ಎಂದುಕೊಳ್ಳಿ: 540ರ 20%, ಅಂದರೆ ದಿನಕ್ಕೆ 108, ತಿಂಗಳಿಗೆ ಸುಮಾರು 3,240. ಬೆಲೆಯೇರಿಕೆಗೆ ತಕ್ಕಂತೆ ಆಗಾಗ ಪರಿಷ್ಕರಣೆ ಆಗುತ್ತದೆ. ಮತ್ತೆ ಕೆಲಸಕ್ಕೆ ಸೇರಿ ಪಗಾರ ಪಡೆದರೂ ಇದು ನಿಲ್ಲುವುದಿಲ್ಲ. ‘ಕೆಲಸಕ್ಕೆ ಹೋದರೆ ಪಿಂಚಣಿ ಕಟ್’ ಎಂಬ ಮಾತು ಕೇಳಿ ಮಂಡಳಿಗೇ ಹೋಗದೆ ಉಳಿದವರು ಬಹಳ ಜನ. ಅದು ತಪ್ಪು ಮಾತು. ಪ್ರತಿವರ್ಷ ಜೀವಂತ ಪ್ರಮಾಣ ಪತ್ರ ಮಾತ್ರ ತಪ್ಪಿಸಬೇಡಿ.

ಮಂಡಳಿ ಕಡಿಮೆ ಕೊಟ್ಟಿದೆ ಅನಿಸಿದರೆ ಮೂರು ತಿಂಗಳೊಳಗೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೆ ಅಥವಾ ನೇರ ನೌಕರರ ವಿಮಾ ನ್ಯಾಯಾಲಯಕ್ಕೆ ಹೋಗಬಹುದು.

ಇಎಸ್‌ಐ ಹಣ ತೆಗೆದುಕೊಂಡು ಮಾಲಕರ ಮೇಲೂ ಪರಿಹಾರದ ಕೇಸ್ ಹಾಕಬಹುದೇ?

ಆಗುವುದಿಲ್ಲ. ಕೆಲಸದ ಗಾಯಕ್ಕೆ ಇಎಸ್‌ಐ ಇದ್ದವರು ನೌಕರರ ಪರಿಹಾರ ಕಾಯ್ದೆಯಡಿ ಮಾಲಕರಿಂದ ಕೇಳುವಂತಿಲ್ಲ ಎಂದು ಇಎಸ್‌ಐ ಕಾಯ್ದೆಯ 53ನೇ ಕಲಮು ತಡೆಯುತ್ತದೆ.

ಡ್ಯೂಟಿಗೆ ಬರುವಾಗ ಬೈಕಿನಿಂದ ಬಿದ್ದೆ. ಅದು ಕೆಲಸದ ಅಪಘಾತವೇ?

ಮನೆ ಮತ್ತು ಕೆಲಸದ ಜಾಗದ ನಡುವಿನ ಪ್ರಯಾಣದಲ್ಲಿ ಆದ ಅಪಘಾತವನ್ನು ಇಎಸ್‌ಐ ಕಾಯ್ದೆಯ 51ಇ ಕಲಮು 2010ರಿಂದ ಕೆಲಸದ ಅಪಘಾತ ಎಂದೇ ಎಣಿಸುತ್ತದೆ. ಪರಿಹಾರ ಕಾಯ್ದೆಗೂ ಅದೇ ತತ್ವ ಸಲ್ಲುತ್ತದೆ ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೊಸ ಸಂಹಿತೆಯಲ್ಲಿ ಅದು ನೇರವಾಗಿಯೇ ಇದೆ. ಆದರೆ ಹೊತ್ತು, ಜಾಗ, ಸಂದರ್ಭ ಕೆಲಸಕ್ಕೆ ತಳುಕು ಹಾಕಿಕೊಂಡಿರಬೇಕು. ಬೆಳಗಿನ ಆರರ ಪಾಳಿಗೆ ಐದೂವರೆಗೆ ಧಾರವಾಡದಿಂದ ಬೇಲೂರಿನ ದಾರಿಯಲ್ಲಿ ಬಿದ್ದರೆ ಯಾರೂ ತಕರಾರು ಮಾಡಲಾರರು. ಪಾಳಿ ಮುಗಿಸಿ ಮದುವೆಗೆಂದು ಅಣ್ಣಿಗೇರಿಗೆ ಹೊರಟಾಗ ಬಿದ್ದರೆ ಅದು ಬೇರೆ ಮಾತು. ಪಾಳಿ ಪಟ್ಟಿ ಮತ್ತು ಹಾಜರಿ ದಾಖಲೆಯೇ ಇಲ್ಲಿ ಸಾಕ್ಷಿ.

ಅಪಘಾತ ಆದ ಮರುದಿನ ನನ್ನ ಹೆಸರಿಗೆ ಇಎಸ್‌ಐ ನಂಬರ್ ಮಾಡಿಸ್ಯಾರ. ಇದು ನಡೀತೈತೇನು?

ನಂಬರ್ ಯಾವಾಗ ಆಯಿತು ಎಂಬುದರಿಂದ ನಿಮ್ಮ ಹಕ್ಕು ಹುಟ್ಟುವುದಿಲ್ಲ, ನೀವು ಕೆಲಸಕ್ಕೆ ಸೇರಿದ ದಿನದಿಂದ ಹುಟ್ಟುತ್ತದೆ. ಅಪಾಯ ಇರುವುದು ಸೇರಿದ ದಿನಾಂಕವನ್ನೂ ಅವರು ಅಪಘಾತದ ನಂತರದ್ದಾಗಿ ನಮೂದಿಸಿದಾಗ. ಪೋರ್ಟಲಿನಲ್ಲಿ ನೇಮಕದ ದಿನಾಂಕ ನೋಡಿ ಅದರ ಪ್ರತಿ ತೆಗೆದಿಡಿ. ಹಳೆಯ ಪಗಾರದ ಸಾಕ್ಷಿಯೊಂದಿಗೆ ಹುಬ್ಬಳ್ಳಿಯ ಇಎಸ್‌ಐ ನಿಗಮದ ಉಪ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಡಿ. ವಂತಿಗೆ ಕಟ್ಟದ ಮಾಲಕರಿಂದ ನಿಗಮ ತಾನೇ ವಸೂಲಿ ಮಾಡಿಕೊಳ್ಳುವ ಅಧಿಕಾರ ಹೊಂದಿದೆ. ಕಾರ್ಮಿಕನ ಭತ್ಯೆ ಅದಕ್ಕಾಗಿ ಕಾಯಬೇಕಿಲ್ಲ.

ಕೆಲಸದ ಪೆಟ್ಟಲ್ಲ, ಕ್ಯಾನ್ಸರ್. ಏನಾದರೂ ಇದೆಯೇ?

ಮಾಮೂಲಿ ಕಾಯಿಲೆಗೆ ವರ್ಷಕ್ಕೆ 91 ದಿನ, ದಿನಗೂಲಿಯ 70%. ಕ್ಯಾನ್ಸರ್, ಕ್ಷಯ, ಪಾರ್ಶ್ವವಾಯು, ತೀವ್ರ ಮಾನಸಿಕ ಕಾಯಿಲೆಯಂಥ ಪಟ್ಟಿಮಾಡಿದ ದೀರ್ಘ ರೋಗಗಳಿಗೆ 80% ದರದಲ್ಲಿ ಎರಡು ವರ್ಷದವರೆಗೆ ವಿಸ್ತರಿತ ಭತ್ಯೆ ಇದೆ. ಅದಕ್ಕೆ ಎರಡು ವರ್ಷದ ವಿಮೆ ಸಹಿತ ದುಡಿಮೆ ಮತ್ತು ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ 156 ದಿನ ತುಂಬಿರಬೇಕು.

## ಇಎಸ್‌ಐ ಇಲ್ಲದವರಿಗೆ: ಪರಿಹಾರ ಕಾಯ್ದೆ

ತೋರು ಬೆರಳು ಹೋದ್ರ ಎಷ್ಟು ರೊಕ್ಕ ಬರಬೇಕ್ರಿ? ಲೆಕ್ಕ ಹೆಂಗ?

ತಿಂಗಳ ಪಗಾರದ 60% ಅನ್ನು ವಯಸ್ಸಿನ ಗುಣಕದಿಂದ ಗುಣಿಸಿ, ಬಂದ ಮೊತ್ತದಲ್ಲಿ ಗಳಿಕೆ ನಷ್ಟದ ಶೇಕಡಾ ತೆಗೆಯಬೇಕು. 2020ರ ಜನವರಿ 3ರಿಂದ ಪಗಾರವನ್ನು 15,000ದವರೆಗೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. 18,000 ದುಡಿಯುವವರಿಗೂ ಲೆಕ್ಕ 15,000ದ ಮೇಲೆಯೇ.

ವಯಸ್ಸು 30, ಪಗಾರ 15,000 ಎಂದುಕೊಳ್ಳಿ. 60% ಎಂದರೆ 9,000. 30ರ ಗುಣಕ 207.98. ಗುಣಿಸಿದರೆ 18,71,820. ತೋರು ಬೆರಳಿಗೆ ಇದರ 14%, ಅಂದರೆ ಸುಮಾರು 2,62,055 ರೂಪಾಯಿ. ಹೆಬ್ಬೆರಳಾದರೆ 30%, 5,61,546. ಗುಣಕ 20ರ ವಯಸ್ಸಿಗೆ 224.00, 40ಕ್ಕೆ 184.17, 50ಕ್ಕೆ 153.09, 60ಕ್ಕೆ 117.41. ಸಾವಾದರೆ 60%ರ ಬದಲು 50%, ಉಳಿದ ಗುಣಾಕಾರ ಅದೇ.

ಇದಲ್ಲದೆ ಚಿಕಿತ್ಸೆಗೆ ನೀವು ಮಾಡಿದ ನಿಜ ಖರ್ಚನ್ನೂ ಮಾಲಕರು ಕೊಡಬೇಕು. ಮಲಗಿದ್ದ ಅವಧಿಗೆ ಹದಿನೈದು ದಿನಕ್ಕೊಮ್ಮೆ ತಿಂಗಳ ಪಗಾರದ 25%. ಬಿಲ್ಲು ಜೋಪಾನವಾಗಿರಲಿ ಎಂದು ಒತ್ತಿ ಹೇಳುವುದು ಇದಕ್ಕೇ.

ನಾನು ಬಡಗಿ. ಬಲಗೈ ಮೊಣಕೈ ಮೇಲೆ ಕತ್ತರಿಸಿದ್ದಾರೆ. ಪಟ್ಟಿಯಲ್ಲಿ ಇರುವಷ್ಟೇ ಕೊಡುತ್ತಾರೆಯೇ?

1976ರಲ್ಲಿ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇದೇ ಪ್ರಶ್ನೆ ಇತ್ತು. ಎಡಗೈ ಕಳೆದುಕೊಂಡ ಬಡಗಿ ಒಂದೇ ಕೈಯಲ್ಲಿ ಬಡಗಿತನ ಮಾಡಲಾರ, ಆದ್ದರಿಂದ ಅದು ಸಂಪೂರ್ಣ ಅಸಾಮರ್ಥ್ಯ, 100% ಎಂದು ನ್ಯಾಯಾಲಯ ಒಪ್ಪಿತು. ಪಟ್ಟಿಯ ಅಂಕಿ ಕನಿಷ್ಠ, ಅದು ಗೋಡೆಯಲ್ಲ. ಚಾಲಕ, ನೇಕಾರ, ಗೌಂಡಿ, ಹಮಾಲ ಇವರೆಲ್ಲರಿಗೂ ಈ ತರ್ಕ ಅನ್ವಯಿಸುತ್ತದೆ. ಆದರೆ ನೀವು ಆ ಕೆಲಸದವರೇ ಆಗಿದ್ದಿರಿ, ಈಗ ಆ ಕೆಲಸ ಸಾಧ್ಯವೇ ಇಲ್ಲ ಎಂಬೆರಡನ್ನೂ ಸಾಬೀತು ಮಾಡಬೇಕು.

ಲೇಬರ್ ಕಾಂಟ್ರಾಕ್ಟರ್ ಫೋನೇ ಎತ್ತವಲ್ಲ. ಕಂಪನಿಯವರು ‘ಅವ ನಮ್ಮ ಮನಷ್ಯಾ ಅಲ್ಲ’ ಅಂತಾರ.

ಕಂಪನಿಯ ವ್ಯವಹಾರದ ಭಾಗವಾದ ಕೆಲಸವನ್ನು ಕಾಂಟ್ರಾಕ್ಟರ್ ಮೂಲಕ ಮಾಡಿಸಿದರೆ ಪರಿಹಾರಕ್ಕೆ ಕಂಪನಿಯೇ ಹೊಣೆ ಎಂದು 12ನೇ ಕಲಮು ಹೇಳುತ್ತದೆ. ಕೊಟ್ಟ ಹಣವನ್ನು ಅವರು ಕಾಂಟ್ರಾಕ್ಟರನಿಂದ ವಸೂಲಿ ಮಾಡಿಕೊಳ್ಳಲಿ, ಅದು ಅವರಿಬ್ಬರ ವ್ಯವಹಾರ. ಅರ್ಜಿಯಲ್ಲಿ ಇಬ್ಬರನ್ನೂ ಪ್ರತಿವಾದಿ ಮಾಡಿ. ವಿಮಾ ಪಾಲಿಸಿ ಇದ್ದರೆ ವಿಮಾ ಕಂಪನಿಯನ್ನೂ ಸೇರಿಸಿ.

ಹೊಲದಾಗ ರಾಶಿ ಮಷಿನ್‌ಗೆ ಕೈ ಸಿಕ್ಕೇತಿ. ಹೊಲದ ಕೂಲಿಗೂ ಕಾಯ್ದೆ ಐತೇನ್ರಿ?

ಇದೆ, ಇದು ಬಹಳ ಜನರಿಗೆ ಗೊತ್ತಿಲ್ಲದ ಹಕ್ಕು. ಟ್ರ್ಯಾಕ್ಟರ್ ಅಥವಾ ಯಂತ್ರಶಕ್ತಿ, ವಿದ್ಯುತ್ತಿನಿಂದ ನಡೆಯುವ ಸಾಧನ ಬಳಸುವ ಕೃಷಿ ಕೆಲಸದಲ್ಲಿ ನೇಮಕವಾದವರು ಕಾಯ್ದೆಯ ಪಟ್ಟಿಯಲ್ಲಿ ಇದ್ದಾರೆ. ಮೆಕ್ಕೆಜೋಳ, ಕಡಲೆ, ಸೋಯಾ ರಾಶಿಯಲ್ಲಿ ಕೈ ಕಳೆದುಕೊಂಡ ಕೂಲಿಯವರು ಮಷಿನ್ ಬಾಡಿಗೆಗೆ ತಂದವರು ಯಾರು, ಕೂಲಿ ಕೊಟ್ಟವರು ಯಾರು ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಬೇಕು. ಮಷಿನ್ ಟ್ರ್ಯಾಕ್ಟರಿಗೆ ಜೋಡಿಸಿದ್ದರೆ ಅದರ ನೋಂದಣಿ ಸಂಖ್ಯೆ ಮತ್ತು ವಿಮೆ ಪ್ರತಿಯನ್ನು ಅಂದೇ ಫೋಟೋ ತೆಗೆದಿಡಿ.

ಗೋವಾದಾಗ ಕಟ್ಟಡದ ಮ್ಯಾಲಿಂದ ಬಿದ್ದೇನಿ. ಈಗ ಊರು ರೋಣ. ಅಲ್ಲಿಗೆ ಅಡ್ಡಾಡೂ ಶಕ್ತಿ ಇಲ್ಲ.

ಅಡ್ಡಾಡಬೇಕಿಲ್ಲ. ಅಪಘಾತ ಆದ ಕಡೆ ಮಾತ್ರವಲ್ಲ, ಅರ್ಜಿದಾರ ವಾಸವಿರುವ ಕಡೆಯೂ ಅರ್ಜಿ ಹಾಕಬಹುದು ಎಂದು 21ನೇ ಕಲಮು ಹೇಳುತ್ತದೆ. ಕರ್ನಾಟಕದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರು ಪರಿಹಾರ ಆಯುಕ್ತರ ಅಧಿಕಾರ ಚಲಾಯಿಸುತ್ತ ಬಂದಿದ್ದಾರೆ. ಅಪಘಾತದಿಂದ ಎರಡು ವರ್ಷದೊಳಗೆ ಅರ್ಜಿ ಬೀಳಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಕಾರ್ಡ್ ಇದ್ದರೆ ಅಲ್ಲಿನ ಅಪಘಾತ ನೆರವು ಮತ್ತು ದುರ್ಬಲತೆ ಪಿಂಚಣಿಗೂ ಪ್ರತ್ಯೇಕ ಅರ್ಜಿ ಕೊಡಿ. ಕಾರ್ಡ್ ನವೀಕರಣ ತಪ್ಪಿದ್ದರೆ ಅಲ್ಲೇ ನಿಂತುಬಿಡುತ್ತದೆ.

ಕುಡಿದು ಬಂದಿದ್ದ, ಗಾರ್ಡ್ ತೆಗೆದು ಕೆಲಸ ಮಾಡಿದ ಅಂತ ಹೇಳಿ ಕೊಡೂದಿಲ್ಲ ಅಂತಾರ.

ಕುಡಿತ, ಬೇಕೆಂದೇ ಸುರಕ್ಷತಾ ನಿಯಮ ಮುರಿದದ್ದು, ಬೇಕೆಂದೇ ಯಂತ್ರದ ಗಾರ್ಡ್ (ರಕ್ಷಣಾ ಕವಚ) ತೆಗೆದದ್ದು ಇವು ಮಾಲಕರಿಗಿರುವ ವಾದಗಳು, ಸಾಬೀತು ಮಾಡುವ ಹೊಣೆಯೂ ಅವರದೇ. ಸಾವು ಅಥವಾ ಶಾಶ್ವತ ಸಂಪೂರ್ಣ ಅಸಾಮರ್ಥ್ಯ ಆಗಿದ್ದರೆ ಈ ವಾದಗಳು ನಡೆಯುವುದೇ ಇಲ್ಲ. ಉತ್ಪಾದನೆ ಹೆಚ್ಚಲಿ ಎಂದು ಗಾರ್ಡ್ ಬಿಚ್ಚಿಸಿದ್ದು ಮೇಸ್ತ್ರಿಯೇ ಆಗಿದ್ದರೆ ಅದನ್ನು ಮೊದಲ ಪತ್ರದಲ್ಲೇ ಬರೆಯಿರಿ.

ಐವತ್ತು ಸಾವಿರ ಕೊಟ್ಟು ಬಾಂಡ್ ಪೇಪರ್ ಮ್ಯಾಲೆ ಸಹಿ ತಗೊಂಡಾರ. ಕೇಸ್ ಮುಗೀತೇನು?

ಮುಗಿಯಲಿಲ್ಲ. ಕಾಯ್ದೆಯ ಪರಿಹಾರವನ್ನು ಬಿಟ್ಟುಕೊಡುವ ಅಥವಾ ಕಡಿಮೆ ಮಾಡುವ ಯಾವ ಕರಾರೂ ಆ ಮಟ್ಟಿಗೆ ಅಸಿಂಧು. ರಾಜಿಯಾದರೂ ಅದನ್ನು ಆಯುಕ್ತರ ಬಳಿ ನೋಂದಾಯಿಸಬೇಕು, ಮೊತ್ತ ಸಾಲದು ಅನಿಸಿದರೆ ಅವರು ನೋಂದಣಿ ನಿರಾಕರಿಸಬಹುದು. ಮೇಲಿನ ಲೆಕ್ಕದಲ್ಲಿ ಎರಡೂವರೆ ಲಕ್ಷ ದಾಟುವ ಬೆರಳಿಗೆ ಐವತ್ತು ಸಾವಿರ ಎಂಬುದು ಅನ್ಯಾಯದ ವ್ಯಾಪಾರ. ಆದರೂ ಎರಡು ವರ್ಷದ ಗಡುವು ಓಡುತ್ತಲೇ ಇರುತ್ತದೆ. ‘ಮುಂದಿನ ತಿಂಗಳು ಉಳಿದದ್ದು ಕೊಡುತ್ತೇವೆ’ ಎಂಬ ಮಾತು ನಂಬಿ ಕೂತರೆ ಗಡುವೇ ದಾಟಿ ಹೋಗುತ್ತದೆ.

ತಡ ಮಾಡಿದ್ದಕ್ಕೆ ಬಡ್ಡಿ ಸಿಗುತ್ತದೆಯೇ?

ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ 12% ಬಡ್ಡಿ. ಸರಿಯಾದ ಕಾರಣವಿಲ್ಲದೆ ಎಳೆದಾಡಿದ್ದರೆ ಮೊತ್ತದ 50%ರವರೆಗೆ ದಂಡ. ಬಡ್ಡಿಯನ್ನು ವಿಮಾ ಕಂಪನಿ ಭರಿಸಬೇಕು, ದಂಡ ಮಾತ್ರ ಮಾಲಕರ ಕಿಸೆಯಿಂದಲೇ ಎಂದು 1997ರ ವೇದ್ ಪ್ರಕಾಶ್ ಗರ್ಗ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಅರ್ಜಿಯಲ್ಲಿ ಎರಡನ್ನೂ ಬಿಡಿಸಿ ಕೇಳಿ.

## ವಿಮೆ, ಪಿಎಫ್, ಗ್ರ್ಯಾಚುಟಿ

ಬ್ಯಾಂಕಿನವರು ವರ್ಷಕ್ಕೆ 20 ರೂಪಾಯಿ ಕಟ್ ಮಾಡ್ತಾರಲ್ಲ, ಅದರಾಗ ಏನರ ಬರತೈತೇನು?

ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ಅಪಘಾತದಲ್ಲಿ ಸಾವು ಅಥವಾ ಸಂಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ. ಒಂದು ಕಣ್ಣಿನ ದೃಷ್ಟಿ, ಅಥವಾ ಒಂದು ಕೈ ಇಲ್ಲವೇ ಕಾಲಿನ ಬಳಕೆ ಶಾಶ್ವತವಾಗಿ ಹೋದರೆ 1 ಲಕ್ಷ. ಬೆರಳಿಗೆ ಬರುವುದಿಲ್ಲ. ವಿಮೆ ಜೂನ್ 1ರಿಂದ ಮೇ 31ರವರೆಗೆ. ಮೇ ಕೊನೆಯಲ್ಲಿ ಖಾತೆಯಲ್ಲಿ ಹಣ ಇಲ್ಲದೆ ಕಡಿತ ಆಗದಿದ್ದರೆ ಆ ವರ್ಷ ರಕ್ಷಣೆ ಇಲ್ಲ. ಪಾಸ್‌ಬುಕ್ಕಿನಲ್ಲಿ ಆ ನಮೂದು ಹುಡುಕಿ 30 ದಿನದೊಳಗೆ ಬ್ಯಾಂಕಿಗೆ ಅರ್ಜಿ ಕೊಡಿ.

ಕಂಪನಿಯ ಗುಂಪು ಅಪಘಾತ ಪಾಲಿಸಿಯವರು ‘ತಡವಾಗಿ ತಿಳಿಸಿದ್ದೀರಿ’ ಎಂದು ಅರ್ಜಿ ತಿರಸ್ಕರಿಸಿದ್ದಾರೆ.

ತಡಕ್ಕೆ ತಕ್ಕ ಕಾರಣ ಇದ್ದರೆ, ಅರ್ಜಿ ಪ್ರಾಮಾಣಿಕವಾಗಿದ್ದರೆ, ತಡವೊಂದನ್ನೇ ಹಿಡಿದು ತಿರಸ್ಕರಿಸಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2011ರಲ್ಲೇ ಕಂಪನಿಗಳಿಗೆ ಹೇಳಿದೆ. ಮೊದಲು ವಿಮಾ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತವಾಗಿ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಮತ್ತೆ ನಿರಾಕರಿಸಿದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಇಲ್ಲವೇ ಎರಡು ವರ್ಷದೊಳಗೆ ಧಾರವಾಡ, ಗದಗ ಅಥವಾ ಹಾವೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು.

ಹೋಗುವ ಮೊದಲು ಪಾಲಿಸಿಯ ಪೂರ್ತಿ ಪ್ರತಿಯನ್ನು ಕಂಪನಿಯಿಂದ ತರಿಸಿಕೊಳ್ಳಿ. ಶಾಶ್ವತ ಸಂಪೂರ್ಣ, ಶಾಶ್ವತ ಭಾಗಶಃ, ತಾತ್ಕಾಲಿಕ ಈ ಮೂರಕ್ಕೂ ಬೇರೆ ಬೇರೆ ಷರತ್ತು ಇರುತ್ತವೆ. ತಾತ್ಕಾಲಿಕ ಭತ್ಯೆಯ ಭಾಗವನ್ನೇ ಖರೀದಿಸದ ಕಂಪನಿಗಳೂ ಇವೆ. ಹಾಗಿದ್ದರೆ ಅದಕ್ಕಾಗಿ ಹೋರಾಡಿ ಪ್ರಯೋಜನವಿಲ್ಲ, ಶಾಶ್ವತ ಭಾಗಶಃ ಎಂಬ ಶೀರ್ಷಿಕೆಯಲ್ಲಿ ಕೇಳಿ.

ಪಿಎಫ್ ಕಟ್ಟಿ ಎರಡ ವರ್ಷ ಆಗೇತಿ. ಪಿಂಚಣಿಗೆ ಹತ್ತು ವರ್ಷ ಬೇಕಂತಲ್ಲ?

ಅದು ವಯಸ್ಸಿನ ಪಿಂಚಣಿಗೆ. ಕೆಲಸದಲ್ಲಿರುವಾಗ ಶಾಶ್ವತವಾಗಿ ಸಂಪೂರ್ಣ ಅಸಮರ್ಥರಾದರೆ, ಒಂದೇ ತಿಂಗಳ ವಂತಿಗೆ ಜಮೆಯಾಗಿದ್ದರೂ ನೌಕರರ ಪಿಂಚಣಿ ಯೋಜನೆ 1995ರ ಅಂಗವೈಕಲ್ಯ ಪಿಂಚಣಿ ಸಿಗುತ್ತದೆ, ತಿಂಗಳಿಗೆ ಕನಿಷ್ಠ 1,000 ರೂಪಾಯಿ. ಫಾರ್ಮ್ 10ಡಿ ತುಂಬಬೇಕು. ಪಿಎಫ್ ಕಚೇರಿ ಸೂಚಿಸಿದ ವೈದ್ಯಕೀಯ ಮಂಡಳಿ ಪರೀಕ್ಷಿಸುತ್ತದೆ. ಮೊದಲೇ ಫಾರ್ಮ್ 10ಸಿ ಹಾಕಿ ಪಿಂಚಣಿಯ ಹಣ ಬಿಡಿಸಿಕೊಂಡರೆ ಈ ಬಾಗಿಲು ಮುಚ್ಚುತ್ತದೆ. ಸೈಬರ್ ಸೆಂಟರಿನವರು ಎರಡನ್ನೂ ಒಟ್ಟಿಗೆ ಒತ್ತಿಬಿಡದಂತೆ ಪಕ್ಕದಲ್ಲೇ ನಿಂತು ನೋಡಿಕೊಳ್ಳಿ.

ಐದು ವರ್ಷ ತುಂಬಿಲ್ಲ. ಗ್ರ್ಯಾಚುಟಿ ಇಲ್ಲ ಎನ್ನುತ್ತಾರೆ.

ಸಾವು ಅಥವಾ ಅಸಾಮರ್ಥ್ಯದಿಂದ ಕೆಲಸ ಬಿಡಬೇಕಾದರೆ ಐದು ವರ್ಷದ ಷರತ್ತು ಇಲ್ಲ. ಪೆಟ್ಟಿಗೆ ಮೊದಲು ಮಾಡುತ್ತಿದ್ದ ಕೆಲಸ ಈಗ ಮಾಡಲಾಗದಿದ್ದರೆ ಸಾಕು, ಅದು ಅಸಾಮರ್ಥ್ಯವೇ. ಲೆಕ್ಕ: ಕೊನೆಯ ತಿಂಗಳ ವೇತನ ಗುಣಿಸು 15, ಗುಣಿಸು ವರ್ಷಗಳು, ಭಾಗಿಸು 26. ವೇತನ 13,000, ಸೇವೆ ಮೂರು ವರ್ಷವಾದರೆ 22,500. ಆರು ತಿಂಗಳಿಗಿಂತ ಹೆಚ್ಚಿನ ತುಂಡು ಒಂದು ವರ್ಷವೆಂದೇ ಎಣಿಕೆ. ‘ರಾಜೀನಾಮೆ ಬರೆದುಕೊಡು, ಲೆಕ್ಕ ಚುಕ್ತಾ ಮಾಡುತ್ತೇವೆ’ ಎಂದರೆ ಬರಿಯ ರಾಜೀನಾಮೆ ಬರೆಯಬೇಡಿ. ಅಪಘಾತದಿಂದಾದ ಅಸಾಮರ್ಥ್ಯವೇ ಕಾರಣ ಎಂದು ಆ ಪತ್ರದಲ್ಲಿ ಇಲ್ಲದಿದ್ದರೆ ಈ ವಿನಾಯಿತಿ ಕೈತಪ್ಪುತ್ತದೆ.

## ತಕರಾರು ಮತ್ತು ನ್ಯಾಯಾಲಯ

ರಜೆಯಲ್ಲಿರುವಾಗಲೇ ಕೆಲಸದಿಂದ ತೆಗೆದಿದ್ದಾರೆ.

ಇಎಸ್‌ಐನ ಕಾಯಿಲೆ ಅಥವಾ ತಾತ್ಕಾಲಿಕ ಅಸಾಮರ್ಥ್ಯ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ನೌಕರನನ್ನು ವಜಾ ಮಾಡುವಂತಿಲ್ಲ, ಶಿಕ್ಷಿಸುವಂತಿಲ್ಲ. ಇದು ಇಎಸ್‌ಐ ಕಾಯ್ದೆಯ 73ನೇ ಕಲಮು. ಆದೇಶದ ಪ್ರತಿಯೊಂದಿಗೆ ಕಾರ್ಮಿಕ ಅಧಿಕಾರಿಗೆ ದೂರು ಕೊಡಿ. ಆ ಅವಧಿ ಮುಗಿದ ಮೇಲೆ ಖಾಸಗಿ ಕಂಪನಿಗಳಲ್ಲಿ ರಕ್ಷಣೆ ತೆಳುವಾಗುತ್ತದೆ. ಹೀಗಾಗಿ ಹಗುರ ಕೆಲಸ ಬೇಕೆಂಬ ಕೋರಿಕೆಯನ್ನು ರಜೆಯಲ್ಲಿರುವಾಗಲೇ ಬರೆದು ಕೊಡಿ.

ನಾನು ಬಸ್ ಚಾಲಕ. ಒಂದು ಕಣ್ಣು ಹೋಗಿದೆ. ಮನೆಗೆ ಕಳಿಸಬಹುದೇ?

ಸರ್ಕಾರಿ ಸಂಸ್ಥೆಗಳು ಹಾಗೆ ಮಾಡುವಂತಿಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 20(4) ಕಲಮಿನ ಪ್ರಕಾರ ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಅದೇ ವೇತನ ಶ್ರೇಣಿಯಲ್ಲಿ ಬೇರೆ ಹುದ್ದೆ ಕೊಡಬೇಕು. ಹುದ್ದೆ ಖಾಲಿ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಅದರಲ್ಲಿ ಇಟ್ಟುಕೊಳ್ಳಬೇಕು. ವಾಯವ್ಯ ಸಾರಿಗೆ ಸಂಸ್ಥೆ, ಹೆಸ್ಕಾಂ, ರೈಲ್ವೆಯಂಥ ಹುಬ್ಬಳ್ಳಿ ಕೇಂದ್ರಿತ ಸಂಸ್ಥೆಗಳ ನೌಕರರಿಗೆ ಇದು ಅನ್ವಯ. ‘ಸ್ವಯಂ ನಿವೃತ್ತಿ’ ಎಂಬ ಅರ್ಜಿಗೆ ಸಹಿ ಮಾಡುವ ಮೊದಲು ಈ ಕಲಮನ್ನು ಉಲ್ಲೇಖಿಸಿ ಪರ್ಯಾಯ ಹುದ್ದೆ ಕೇಳಿ.

ರಸ್ತೆ ಅಪಘಾತ ಕೆಲಸದ ಮೇಲಿದ್ದಾಗಲೇ ಆಯಿತು. ಮೋಟಾರು ಅಪಘಾತ ನ್ಯಾಯಮಂಡಳಿಗೂ ಹೋಗಬಹುದೇ?

ಪರಿಹಾರ ಕಾಯ್ದೆ, ಮೋಟಾರು ವಾಹನ ಕಾಯ್ದೆ ಎರಡರಲ್ಲಿ ಒಂದನ್ನು ಆರಿಸಬೇಕು. ಬೇರೆ ವಾಹನದವರದೇ ತಪ್ಪಾಗಿದ್ದು ನಿಮ್ಮ ಆದಾಯ 15,000ಕ್ಕಿಂತ ಬಹಳ ಹೆಚ್ಚಿದ್ದರೆ ಮೋಟಾರು ನ್ಯಾಯಮಂಡಳಿಯಲ್ಲಿ ಹೆಚ್ಚು ಬರುವ ಸಾಧ್ಯತೆ ಇದೆ, ಅಲ್ಲಿ ಪಗಾರದ ಮಿತಿ ಇಲ್ಲ. ತಪ್ಪು ನಿಮ್ಮದೇ ಆಗಿದ್ದರೆ ಪರಿಹಾರ ಕಾಯ್ದೆಯೇ ಲೇಸು, ಅಲ್ಲಿ ಯಾರ ತಪ್ಪು ಎಂಬ ಪ್ರಶ್ನೆ ಏಳುವುದಿಲ್ಲ. ಮೋಟಾರು ಕಾಯ್ದೆಯಲ್ಲಿ 2022ರ ಏಪ್ರಿಲ್ 1ರಿಂದ ಅರ್ಜಿಗೆ ಆರು ತಿಂಗಳ ಗಡುವು ಬಂದಿದೆ. ಆಯ್ಕೆಯನ್ನು ಅದರೊಳಗೆ ಮಾಡಿ.

ಆಯುಕ್ತರ ಆದೇಶ ನಮ್ಮ ಪರ ಆಗೇತಿ, ಅವರು ಹೈಕೋರ್ಟಿಗೆ ಹೋಗ್ತೀವಿ ಅಂತಾರ.

ಧಾರವಾಡ ಪೀಠಕ್ಕೆ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ಆದರೆ ಗಣನೀಯ ಕಾನೂನು ಪ್ರಶ್ನೆ ಇರಬೇಕು. ಮಾಲಕರು ಮೊದಲು ಆದೇಶದ ಮೊತ್ತವನ್ನು ಆಯುಕ್ತರಲ್ಲಿ ಠೇವಣಿ ಇಟ್ಟು ಅದರ ಪ್ರಮಾಣ ಪತ್ರ ಲಗತ್ತಿಸಬೇಕು. ಠೇವಣಿ ಇಟ್ಟಿದ್ದಾರೆಯೇ ಎಂದು ವಿಚಾರಿಸಿ.

ವಕೀಲರಿಗೆ ಕೊಡಾಕ ರೊಕ್ಕ ಇಲ್ಲ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಧಾರವಾಡ, ಗದಗ, ಹಾವೇರಿ ಮೂರೂ ಕಡೆ ನ್ಯಾಯಾಲಯದ ಆವರಣದಲ್ಲೇ ಇದೆ. ಕೈಗಾರಿಕಾ ಕಾರ್ಮಿಕರು, ಅಂಗವಿಕಲರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಹೋಗುವಾಗ ಆಧಾರ್, ಕೇಸ್ ಶೀಟಿನ ಪ್ರತಿ, ಮಾಲಕರಿಗೆ ಕಳಿಸಿದ ಪತ್ರದ ಪ್ರತಿ ಮತ್ತು ಅಂಚೆ ರಸೀದಿ ಕೈಯಲ್ಲಿರಲಿ. ಅಪಘಾತವಾಗಿ ಎರಡು ವರ್ಷ ಆಗಲು ಕೆಲವೇ ದಿನ ಉಳಿದಿದ್ದರೆ ಅದನ್ನು ಮೊದಲ ಮಾತಿನಲ್ಲೇ ಹೇಳಿ, ಅರ್ಜಿ ಅದೇ ವಾರ ಬೀಳುವಂತೆ ನೋಡಿಕೊಳ್ಳಿ.